ಹಿಂದೆ ಹೊರಟು ಮುಂದೆ ಬಂದ ಸಂದೇಶ

ಹೊಣಕೆರೆಯ ವೀಣ ನಾಗಮಂಗಲದ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಪಿಎಚ್.ಡಿ. ಮಾಡುತ್ತಿದ್ದಳು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಟ್ಟಿದ್ದಳು. ಎಲ್ಲವೂ ಪ್ರೋಗ್ರಾಮಿನಲ್ಲಿ, ತಂತಿ ತಗಡು ಏನೂ ಇಲ್ಲ. ಅದರ ನಾಲ್ಕು ಪ್ರೊಸೆಸರುಗಳು ತಮಗೆ ಬೇಕಾದ ಅಂಕಿಗಳ ನಕಲನ್ನು ಪಕ್ಕದಲ್ಲೇ ಇರುವ ಕ್ಯಾಶ್ ಎಂಬ ಪುಟ್ಟ ನೆನಪಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದವು. ಅಂಕಿ ಬದಲಾದರೆ ‘ನಿಮ್ಮ ನಕಲು ಅಳಿಸಿ’ ಎಂಬ ಸಂದೇಶ ಉಳಿದವಕ್ಕೆ ಹೋಗುತ್ತಿತ್ತು. ಆದರೂ ಆಗಾಗ ಒಂದು ಪ್ರೊಸೆಸರು ಹಳೆಯ ಅಂಕಿಯನ್ನೇ ಹಿಡಿದು ಕೂರುತ್ತಿತ್ತು. ಅಂದು ಮಧ್ಯಾಹ್ನ ಮಾರ್ಗದರ್ಶಕ ಸುದರ್ಶನ್ ಶ್ರೀರಂಗಪಟ್ಟಣದಿಂದ ಬರುವವರಿದ್ದರು. ಇಂದೂ ತಪ್ಪಿದರೆ ಪ್ರಬಂಧಕ್ಕೆ ಸಹಿ ಇಲ್ಲ ಎಂದಿದ್ದರು. ವಿಶ್ವವಿದ್ಯಾಲಯದ ಗಡುವೂ ಮುಗಿಯುತ್ತಿತ್ತು.

ತಾಯಿ ಇಂದ್ರಮ್ಮ ದಿನವೂ ಊಟವನ್ನು ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದಳು. ಅಂದು ಅವಳ ಫೋನು ಬಂತು.

“ಸಾರ್ಗೆ ಎರಡು ಸಲ ಉಪ್ಪು ಹಾಕ್ಬುಟ್ಟೆ ಕಣವ್ವ. ಹಿಂದ್ಲ ಬಸ್ಸಲ್ಲಿ ಬೇರೆ ಸಾರು ಮಾಡಿ ಕಳಿಸಿವ್ನಿ. ಮೊದ್ಲು ಬರೋದ್ನ ಚೆಲ್ಬುಡು.”

ಮೊದಲ ಕ್ಯಾರಿಯರ್ ಬಂತು. ವೀಣ ರುಚಿಯನ್ನೂ ನೋಡದೆ ಚೆಲ್ಲಿದಳು. ಎರಡನೆಯದು ಬಂದಾಗ ಹಸಿದಿದ್ದಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಗಂಟಲೆಲ್ಲ ಉಪ್ಪು!

ಖಾಲಿ ಕ್ಯಾರಿಯರ್ ಒಯ್ಯಲು ಬಂದ ಹಿಂದಿನ ಬಸ್ಸಿನ ಕಂಡಕ್ಟರ್ ನಿಂಗರಾಜು ಅವಳ ಪಾಡು ಕೇಳಿ ನಕ್ಕುಬಿಟ್ಟ. “ಆ ಬಸ್ಸು ಪಂಚರಾಗಿ ನಿಂತಿತ್ತು ಕಣಕ್ಕ. ನಾವೇ ಅದನ್ನ ಹಿಂದಾಕಂಡು ಬಂದೋ. ಒಳ್ಳೇ ಸಾರು ಚೆಲ್ಬುಟ್ರಾ? ಇನ್ನು ಪಿಎಚ್.ಡಿ. ಬೇರೆ ಮಾಡ್ತಾವ್ರಂತೆ!”

ವೀಣ ಎಂಜಲು ಕೈಯಲ್ಲೇ ಎದ್ದು ನಿಂತಳು. ಮೊದಲು ಕಳಿಸಿದ್ದು ಮೊದಲೇ ತಲುಪುತ್ತದೆ ಎಂದು ಅವ್ವ ನಂಬಿದ್ದಳು. ತಾನೂ ಪ್ರೋಗ್ರಾಮನ್ನು ಅದೇ ನಂಬಿಕೆಯ ಮೇಲೆ ಬರೆದಿದ್ದಳು! ‘ಅಳಿಸಿ’ ಎಂಬ ಸಂದೇಶ ಬೇರೆ ದಾರಿ ಹಿಡಿದು, ಮೊದಲೇ ಹೊರಟಿದ್ದ ನಕಲಿಗಿಂತ ಮುಂದೆ ಬಂದಿತ್ತು. ಅಳಿಸಲು ಅಲ್ಲಿ ಏನೂ ಇರಲಿಲ್ಲ. ಪ್ರೊಸೆಸರು ‘ಆಯಿತು’ ಎಂದಿತ್ತು. ಆಮೇಲೆ ಬಂದ ಹಳೆಯ ನಕಲು ಆರಾಮವಾಗಿ ಒಳಗೆ ಕೂತಿತ್ತು.

“ಸಿಕ್ತು ಕಣೋ ನಿಂಗರಾಜು!”

“ಏನ್ ಸಿಕ್ತಕ್ಕ?”

ಉತ್ತರಿಸಲು ಅವಳಿಗೆ ಪುರಸೊತ್ತಿರಲಿಲ್ಲ. ಕೈ ತೊಳೆದವಳೇ ಪ್ರತಿ ನಕಲಿಗೂ ಸಂದೇಶಕ್ಕೂ ಹೊರಟ ಕ್ರಮದಲ್ಲಿ ಸಂಖ್ಯೆ ಕೊಟ್ಟಳು. ಮುಂದೆ ನುಗ್ಗಿ ಬಂದದ್ದು ತನಗಿಂತ ಮೊದಲಿನ ಸಂಖ್ಯೆಯದು ಬರುವವರೆಗೆ ಕಾಯಬೇಕು.

ಸುದರ್ಶನ್ ಬಂದರು. ಪ್ರೋಗ್ರಾಮು ಓಡಿತು. ನಾಲ್ಕರಲ್ಲೂ ಒಂದೇ ಅಂಕಿ.

“ಸಂದೇಶಗಳನ್ನ ಇನ್ನೂ ತಡ ಮಾಡಿ.”

ಮಾಡಿದಳು. ಒಂದೇ ಅಂಕಿ. ಅವರು ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು, ಕೆಡಿಸಿಯೇ ತೀರುತ್ತೇನೆ ಎಂಬಂತೆ ದಾರಿಗಳನ್ನೆಲ್ಲ ಅದಲುಬದಲು ಮಾಡಿದರು. ಅದು ಜಗ್ಗಲಿಲ್ಲ. ಜೇಬಿನಿಂದ ಪೆನ್ನು ತೆಗೆದರು.

“ಎಲ್ಲಿ ಪ್ರಬಂಧ?”

“ಇನ್ನೂ ಪ್ರಿಂಟ್ ಹಾಕ್ಸಿಲ್ಲ ಸಾರ್.”

“ಮತ್ತೆ ನನ್ನ ಮುಖ ಏನು ನೋಡ್ತೀರಿ? ಓಡಿ!”

ವೀಣ ಪೆನ್‌ಡ್ರೈವ್ ಕಿತ್ತುಕೊಂಡು ಮೆಟ್ಟಿಲಿಳಿದು ಓಡಿದಳು.