ಓಟಿನ ಗೆರೆಗೆ ಕೆಂಪು ಬಳಿಯುವ ಶಫೀವುಲ್ಲಾ

ಮಳವಳ್ಳಿಯ ಕಚೇರಿ ಗೋಡೆಗೆ ಏಣಿ ಆನಿಸಿ ನಿಂತಿದ್ದಾರೆ ಶಫೀವುಲ್ಲಾ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಒಂದು ಕುಂಚ ಹಲ್ಲಲ್ಲಿ, ಇನ್ನೊಂದು ಬಲಗೈಯಲ್ಲಿ, ಕೆಮ್ಮಣ್ಣಿನ ಡಬ್ಬ ಏಣಿಗೆ ನೇತಾಡುತ್ತಿದೆ. ಗೋಡೆಗೆ ಹೊಡೆದ ಆಳೆತ್ತರದ ಹಲಗೆಯ ಮೇಲೆ ತಾಲ್ಲೂಕಿನ ನಕ್ಷೆ. ಅದರ ನಡುವೆ ಹರಿದಾಡುವ ನೀಲಿ ಗೆರೆಯ ಮೇಲೆ ಅವರು ಕೆಂಪು ಎಳೆಯುತ್ತಿದ್ದಾರೆ. ಇವತ್ತು ಸಂತೆ. ಜನ ಸೇರುವುದರೊಳಗೆ ನೀಲಿ ಮಾಯವಾಗಬೇಕು. ಇಲ್ಲದಿದ್ದರೆ ದಿಣ್ಣೆ ಮೇಲಿನ ಒಂದು ಊರು ಈ ವರ್ಷ ರಾಗಿ ಬಿತ್ತುವುದಿಲ್ಲ.

ಗೆರೆಗೂ ರಾಗಿಗೂ ಏನು ನಂಟು? ಅದಕ್ಕೆ ಮೊದಲು ಈ ಮನುಷ್ಯನ ಕೆಲಸ ಹೇಳಬೇಕು.

ಮಂಡ್ಯ ಬೇರೆ ಜಿಲ್ಲೆಯಾದ ಮೇಲೆ ಓಟಿನ ಕ್ಷೇತ್ರಗಳ ಎಲ್ಲೆಗಳೂ ಅಲುಗಾಡಿವೆ. ಯಾವ ಊರು ಯಾವ ಕ್ಷೇತ್ರಕ್ಕೆ ಎಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಕಚೇರಿಗಳ ಮುಂದೆ ಬರೆದು ತೋರಿಸುವವರು ಮದ್ದೂರಿನ ಬೋರ್ಡು ಬರೆಯುವ ಶಫೀವುಲ್ಲಾ. ಹುಕುಂ ಬದಲಾದಾಗೆಲ್ಲ ಹಳೇ ಗೆರೆ ಕೆರೆದು ಹೊಸದು ಎಳೆಯಬೇಕು. ಅಕ್ಷರ ಬಾರದವರಿಗಾಗಿ ಊರಿನ ಹೆಸರಿನ ಪಕ್ಕ ಒಂದು ಗುರುತನ್ನೂ ಬಿಡಿಸುತ್ತಾರೆ. ಬಸರಾಳಿಗೆ ಗುಡಿ, ಕೊಕ್ಕರೆ ಬೆಳ್ಳೂರಿಗೆ ಏನೆಂದು ಹೇಳಬೇಕಿಲ್ಲ. ಪೆಟ್ರೋಲಿಲ್ಲದ ಈ ಕಾಲದ ಇದ್ದಿಲು ಬಸ್ಸು ಕೆಮ್ಮಿ ನಿಂತಲ್ಲಿ ಇಳಿದು ಏಣಿ ಹೊತ್ತು ನಡೆದದ್ದೂ ಉಂಟು. ಇವರ ಗೆರೆ ಸೊಟ್ಟ ಎಂದು ಆಡಿಕೊಳ್ಳುವವರಿದ್ದಾರೆ. ಗೆರೆಯ ತಪ್ಪಲ್ಲ, ಕ್ಷೇತ್ರವೇ ಸೊಟ್ಟ.

ಈ ಸಲ ಎಡವಟ್ಟಾದದ್ದು ಬಣ್ಣದಲ್ಲಿ. ಯುದ್ಧ ಬಂದು ಅಂಗಡಿಗಳಲ್ಲಿ ಕೆಂಪು ಪೇಂಟು ಕಾಣೆ. ಸೋಡಾ ಅಂಗಡಿಯ ಬೋರ್ಡಿಗೆ ತಂದ ನೀಲಿ ಮಿಕ್ಕಿತ್ತು. ಗುಮಾಸ್ತರನ್ನು ಕೇಳಿದಾಗ ಏನಂದರು ಎಂಬುದನ್ನು ಶಫೀವುಲ್ಲಾ ಅವರ ದನಿ ಅಣಕಿಸಿ, ಮೂಗು ಹಿಡಿದುಕೊಂಡೇ ಹೇಳುತ್ತಾರೆ: “‘ಗೆರೆ ಸರಿಯಿರ್ಲಯ್ಯಾ, ಬಣ್ಣ ಯಾವುದಾದರೇನು, ಇದೇನು ಧಾರೆ ಸೀರೆಯೇ?’ ಅಂದ್ರು ಸ್ವಾಮಿ. ನಾನೂ ಬಳ್ದೆ.”

ಆದರೆ ಈ ಸೀಮೆಯಲ್ಲಿ ಗೋಡೆಯ ಮೇಲಿನ ನೀಲಿಗೆ ಒಂದೇ ಅರ್ಥ. ಪಕ್ಕದಲ್ಲೇ ತೂಗುವ ನಾಲೆಯ ನಕ್ಷೆಯಲ್ಲಿ ನೀರೆಲ್ಲ ನೀಲಿ. ಬೆಳಕವಾಡಿ ರಸ್ತೆಯಿಂದ ಒಳಗಿರುವ ದಿಣ್ಣೆಯೂರಿನ ಮುದ್ದಮ್ಮ, ತಮ್ಮೂರ ಗುರುತಿನ ಪಕ್ಕದಲ್ಲೇ ನೀಲಿ ಹಾದದ್ದು ಕಂಡವರು, ನಾಲೆ ಬರುತ್ತದೆ ಎಂದು ಊರಿಗೆಲ್ಲ ಸಾರಿದರು. ರಾಗಿ ಬಿತ್ತನೆ ನಿಂತಿತು. ಭತ್ತದ ಸಸಿಗೆ ಒಟ್ಲು ಪಾತಿ ಹದವಾಯಿತು. ಹೋದ ಸಂತೆಯಲ್ಲಿ ಆಕೆ ಶಫೀವುಲ್ಲಾ ಕೈಗೆ ಬೆಲ್ಲದಚ್ಚು ಇಟ್ಟರು. “ನಮ್ಮೂರ್ಗೆ ನಾಲೆ ಎಳ್ದ ಕೈ ಕಣ್ ಸಾಬ್ರೆ. ಬಾಯಿ ಸೀ ಮಾಡ್ಕಳಿ.”

“ಮೊದ್ಲು ನಕ್ಬುಟ್ಟೆ,” ಎನ್ನುತ್ತಾರೆ ಶಫೀವುಲ್ಲಾ. “ಬಿತ್ನೆ ನಿಲ್ಸಿವ್ರೆ ಅಂದ್ಮೇಲೆ ನಗೋಕಾಯ್ತದಾ? ಅದು ನೀರಲ್ಲ ತಾಯಿ, ಓಟು ಅಂದೆ. ‘ಕಚೇರಿ ಗೋಡೆ ಸುಳ್ಳೇಳ್ತದಾ? ಓಗಿ ಓಗಿ’ ಅಂತ ನನ್ನೇ ಬೈದ್ರು.” ಗೋಡೆಯೇ ಮಾತು ಬದಲಿಸದೆ ದಾರಿಯಿರಲಿಲ್ಲ.

ಅಗಸೆ ಎಣ್ಣೆಯಲ್ಲಿ ಕೆಮ್ಮಣ್ಣು ಅರೆದುಕೊಟ್ಟವರು ಹೆಂಡತಿ ಮೆಹರುನ್ನೀಸಾ. “ನಾಲೆ ಎಳೆಯೋವಾಗ ನಮ್ಮ ಹಿತ್ಲಿಗೂ ಒಂದು ಎಳೀಬಾರ್ದಿತ್ತಾ? ಕೊಡ ಹೊತ್ತು ಸಾಕಾಗೋಯ್ತು,” ಎಂದು ಚುಚ್ಚಿಯೇ ಡಬ್ಬ ತುಂಬಿಸಿದ್ದಾರೆ. ಮಳೆಗೆ ಈ ಮಣ್ಣು ಮಾಸುತ್ತದೆ. “ಮಾಸ್ಲಿ, ಮತ್ತೆ ಬಳೀತೀನಿ. ಬಿತ್ನೆ ಹೊತ್ತು ಮತ್ತೆ ಬತ್ತದಾ?” ಎನ್ನುತ್ತಾರೆ ಶಫೀವುಲ್ಲಾ.

ಗೆರೆ ತುದಿ ಮುಟ್ಟುವ ಹೊತ್ತಿಗೆ ಮುದ್ದಮ್ಮ ಬರುತ್ತಾರೆ, ಹಿಂದೆ ಮೈದುನ ಅಂಕಯ್ಯ. ಆಕೆ ಕುಕ್ಕೆ ಇಳಿಸಿ ಹಲಗೆಯನ್ನೇ ದಿಟ್ಟಿಸುತ್ತಾರೆ.

“ನಾಲೆ ಎಲ್ ಸಾಬ್ರೆ?”

“ಇರ್ಲಿಲ್ಲ ತಾಯಿ. ಇದು ಓಟಿನ ಎಲ್ಲೆ. ಮೊದ್ಲೂ ಅದೇ.”

“ನೋಡ್ದಾ ಅತ್ಗೆ, ಊರ್ನೆಲ್ಲಾ ಕುಣಿಸ್ಬುಟ್ಟೆ,” ಅಂಕಯ್ಯನ ಕೊಂಕು.

“ಸುಮ್ಕಿರ್ಲಾ. ಎಲ್ರಿಗಿಂತ ಮೊದ್ಲು ಒಟ್ಲು ಉತ್ತೋನು ನೀನೆಯಾ.” ಮುದ್ದಮ್ಮ ಕಣ್ಣು ತೆಗೆಯದೆ ಕೇಳುತ್ತಾರೆ, “ಬೇಲಿ ಅಂಗೆ ಸುತ್ಕಂಡು ಬಂದದಲ್ಲ, ಇದ್ರೊಳಗೆ ಯಾವ್ಯಾವ್ ಊರವೆ? ಮುಟ್ಟಿ ತೋರ್ಸಿ.”

ಶಫೀವುಲ್ಲಾ ಕುಂಚದ ಹಿಡಿಯಿಂದ ಒಂದೊಂದೇ ಊರನ್ನು ಮುಟ್ಟುತ್ತಾರೆ.

“ಇದೂ ಒಣ. ಇದೂ ಒಣ. ಇಲ್ಗೇ ನನ್ ಮಗ್ಳ ಕೊಟ್ಟಿರದು, ಕುಡಿಯಕ್ಕೂ ಇಲ್ಲ. ಓಟು ಕೇಳೋನು ಇಷ್ಟೂ ಊರ್ಗೆ ಬರ್ಬೇಕಾ?”

“ಬರ್ಲೇಬೇಕು.”

“ನಂಗೆ ಓಟಿಲ್ಲ. ಕಂದಾಯ ಕಟ್ಟೋ ಇವ್ನಿಗದೆ. ಇಷ್ಟೂ ಊರೋರು ನಾಲೆ ಯಾವಾಗ ಅಂತ ಒಂದೇ ಮಾತು ಕೇಳುದ್ರೆ, ಅವ್ನು ಎತ್ಲಾಗ್ ಓಯ್ತಾನೆ?” ಉತ್ತರಕ್ಕೆ ಕಾಯದೆ ಆಕೆ ಕುಕ್ಕೆ ಎತ್ತಿಕೊಳ್ಳುತ್ತಾರೆ. “ನಡೀಲಾ, ಹದ ಆರೋಕ್ಮುಂಚೆ ರಾಗಿ ಚೆಲ್ಬೇಕು. ಅಂಗೇ ಮಗ್ಳ ಊರ್ಗೂ ಏಳ್ಬುಟ್ಟು ಓಗಾನ.”

ಇಬ್ಬರೂ ಸಂತೆಯ ಕಡೆ ತಿರುಗದೆ ಊರಿನ ಹಾದಿ ಹಿಡಿಯುತ್ತಾರೆ. ಶಫೀವುಲ್ಲಾ ಏಣಿಯನ್ನು ಹೆಗಲಿಗೇರಿಸುತ್ತಾರೆ.

“ನಕ್ಸೆ ಮುಂದೆ ಎಲ್ರೂ ನಿಂತ್ಕತಾರೆ ಸ್ವಾಮಿ. ತಮ್ಮೂರು ಉಡುಕ್ತಾರೆ, ಸಿಕ್ತಂದ್ರೆ ಓಯ್ತಾರೆ. ಜೊತೇಲಿರೋ ಊರು ಯಾವ್ದು ಅಂತ ಕೇಳ್ದೋರು ಇವ್ರೇ ಮೊದ್ಲು. ಗೆರೆ ಇರೋದೇ ಅದ್ಕಲ್ವಾ?”