ನಾಡಿದ್ದು ಮನೆಗೆ ಬಂದು ನೋಡಿ

ನಮ್ಮತ್ತೆಗೆ ಲೋಕಲ್ ಟ್ರೇನಿನ ಹಿಡಿಕೆ ಎಟುಕುತ್ತಿರಲಿಲ್ಲ. ಅಷ್ಟು ಗಿಡ್ಡ. ಘಾಟ್ಕೋಪರಿನಲ್ಲಿ ಹತ್ತಿದವರೇ ಪಕ್ಕದಲ್ಲಿ ನಿಂತ ಹೆಂಗಸಿನ ಮೊಣಕೈ ಹಿಡಿದುಬಿಡುತ್ತಿದ್ದರು. ಇಳಿಯುವ ಹೊತ್ತಿಗೆ ಆಕೆಗೆ ಎಷ್ಟು ಮಕ್ಕಳು, ಸೊಂಟನೋವು ಯಾವಾಗಿನಿಂದ ಎಲ್ಲ ತಿಳಿದುಕೊಂಡಿರುತ್ತಿದ್ದರು. ಮೈಸೂರಿನಿಂದ ಮಗನ ಮನೆಗೆ ಬಂದು ವರ್ಷಗಳಾಗಿದ್ದರೂ ಅವರ ಹಿಂದಿ ಅರೆಬರೆಯೇ. ಅದರಲ್ಲೇ ಜಗಳವಾಡುತ್ತಿದ್ದರು, ಗೆಲ್ಲುತ್ತಲೂ ಇದ್ದರು.

ಅವರನ್ನು ಕಂಡರೆ ನನಗೆ ಭಯ. ಎಂಬತ್ತರ ದಶಕದ ಕೊನೆಯಲ್ಲಿ ನನಗೊಂದು ಜ್ವರ ಬಂತು, ಆಮೇಲೆ ಆ ಭಯ ಇನ್ನೂ ಹೆಚ್ಚಾಯಿತು. ಜ್ವರವೇನೋ ಹತ್ತು ದಿನಕ್ಕೆ ಬಿಟ್ಟಿತು, ಸುಸ್ತು ಬಿಡಲಿಲ್ಲ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ಒಂದೆರಡು ದಿನ ಆಫೀಸಿಗೆ ಹೋಗುವುದು, ಮೂರು ದಿನ ತಲೆ ಎತ್ತಲಾಗದೆ ಮಲಗುವುದು, ಹೀಗೇ ನಡೆಯಿತು. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಓದಿದ ಸಾಲು ಅಲ್ಲೇ ಮರೆತುಹೋಗುತ್ತಿತ್ತು. ರಕ್ತಪರೀಕ್ಷೆ, ಎಕ್ಸ್‌ರೇ ಯಾವುದರಲ್ಲೂ ಏನೂ ಸಿಗಲಿಲ್ಲ. ನಿಜವಾಗಿಯೂ ನಾಟಕವಾಡುತ್ತಿದ್ದೇನೆಯೇ ಎಂದು ನನ್ನ ಮೇಲೇ ಅನುಮಾನ ಬರತೊಡಗಿತು. ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಸದ್ದು ಮಾಡಿದರೆ ಅತ್ತೆಗೆ ಸಿಟ್ಟು ಬಂದಿದೆಯೆಂದು ಬೆದರಿ ಎದ್ದು ಕೂರುತ್ತಿದ್ದೆ.

ಮೊದಮೊದಲು ಅವರೂ ನಂಬಲಿಲ್ಲ. "ನಮ್ಮ ಕಾಲ್ದಲ್ಲಿ ಸುಸ್ತಾಗೋಕೂ ಪುರುಸೊತ್ತಿರ್ಲಿಲ್ಲ," ಎಂದಿದ್ದರು. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳಲು ಹೋದವಳ ಕೈ ಅರ್ಧಕ್ಕೇ ನಿಂತು ಬಾಚಣಿಗೆ ಕೆಳಗೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನು ನೋಡಿದರು. ಬಾಚಣಿಗೆ ಎತ್ತಿಕೊಂಡು ನನ್ನ ಹಿಂದೆ ಕುಳಿತು ತಲೆ ಬಾಚಿದರು. ಅಂದಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕತೊಡಗಿದರು. ನಾನು ಎದ್ದು ಓಡಾಡಿದ ದಿನಕ್ಕೆ ಒಂದು ಗೆರೆ, ಮಲಗಿದ ದಿನಕ್ಕೆ ಒಂದು ಸೊನ್ನೆ. ತಿಂಗಳಾದ ಮೇಲೆ ಹೇಳಿದರು: "ಕೆಲಸ ಮಾಡಿದ್ ದಿವ್ಸ ನೀನು ಬೀಳಲ್ಲ ಕಣೇ. ನಾಡಿದ್ದು ಬೀಳ್ತೀಯ. ಇದು ಸೋಮಾರಿತನ ಅಲ್ಲ. ಸೋಮಾರಿಗಳು ಮೊದಲೇ ಮಲಗ್ತಾರೆ."

ಯಾವ ಡಾಕ್ಟರೂ ಕಾಣದ್ದನ್ನು ಅವರು ಕಂಡಿದ್ದರು. ಆಮೇಲೆ ಆಸ್ಪತ್ರೆಯೊಂದರ ಯುವ ವೈದ್ಯರು, ಹೊರದೇಶಗಳಲ್ಲಿ ಇದಕ್ಕೆ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ಬಿಡದ ಸುಸ್ತಿನ ಕಾಯಿಲೆ ಎನ್ನುತ್ತಾರೆ, ದೀರ್ಘ ರಜೆ ಕೊಡುವ ಕಾಯಿಲೆಗಳ ನಮ್ಮ ಸರ್ಕಾರಿ ಪಟ್ಟಿಯಲ್ಲಿ ಮಾತ್ರ ಇದು ಇಲ್ಲ ಎಂದರು.

ಅಷ್ಟರಲ್ಲಿ ಆಫೀಸಿನಿಂದ ಮೆಮೊ ಬಂತು. ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು, ಕಾಯಿಲೆ ಸಾಬೀತಾಗದಿದ್ದರೆ ಕೆಲಸದಿಂದ ತೆಗೆಯಲಾಗುವುದು. ಅಂದಿನಿಂದ ಪೋಸ್ಟ್‌ಮನ್ನನ ಹೆಜ್ಜೆ ಕೇಳಿದರೂ ಒಳಗೆ ಹೋಗಿ ಮುಸುಕು ಹಾಕಿಕೊಳ್ಳುತ್ತಿದ್ದೆ.

ಮಂಡಳಿಯಲ್ಲಿ ಮೂವರು ಡಾಕ್ಟರುಗಳಿದ್ದರು. ನಡೆಯಲು ಹೇಳಿದರು, ನಡೆದೆ. ಬಗ್ಗಲು ಹೇಳಿದರು, ಬಗ್ಗಿದೆ. ಹಿರಿಯ ಡಾಕ್ಟರು ನಕ್ಕು, "ಬಿಲ್ಕುಲ್ ಠೀಕ್ ಹೈ," ಎಂದರು. ಹೊರಗೆ ಕಾಯಬೇಕಿದ್ದ ಅತ್ತೆ ಬಾಗಿಲು ತಳ್ಳಿಕೊಂಡು ಒಳಗೆ ಬಂದರು.

"ಸಾಹೇಬ್, ಆಜ್ ನಹೀ. ಪರಸೋ ಘರ್ ಆಕೆ ದೇಖೋ. ಇವತ್ತು ನೋಡಿದ್ರೆ ಏನು ಗೊತ್ತಾಗತ್ತೆ? ನಾಡಿದ್ದು ಮನೆಗೆ ಬಂದು ನೋಡಿ!"

ಡಾಕ್ಟರು ಬರಲಿಲ್ಲ. ನನಗೆ ಹುಚ್ಚಿರಬಹುದು, ಮಾನಸಿಕ ಚಿಕಿತ್ಸೆಗೆ ಕಳಿಸಿ ಎಂಬ ಅರ್ಥದ ಕಾಗದ ಮಂಡಳಿಯಿಂದ ಬಂತು. ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆಂದು ಹೆದರಿ ಹಗಲಲ್ಲೂ ಬಾಗಿಲಿಗೆ ಚಿಲಕ ಹಾಕಿಸುತ್ತಿದ್ದೆ. ಅತ್ತೆ ಮಾತ್ರ ಆ ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು ನಮ್ಮ ಭಾಗದ ಶಾಸಕರ ಕಚೇರಿಗೆ ಹೋದರು. ಒಂದು ಸಲವಲ್ಲ, ಶಾಸಕರಿಗೇ ಸಾಕಾಗುವಷ್ಟು ಸಲ. ಕೊನೆಗೊಂದು ಮಧ್ಯಾಹ್ನ ಶಾಸಕರು ಏದುಸಿರು ಬಿಡುತ್ತ ನಮ್ಮ ಬಿಲ್ಡಿಂಗಿನ ಮೂರು ಮಹಡಿ ಹತ್ತಿ ಬಂದರು. ಮಂಡಳಿ ನನ್ನನ್ನು ಮತ್ತೊಮ್ಮೆ ಕರೆಸಿತ್ತು, ಹೋಗಿಬಂದು ಎರಡು ದಿನವಾಗಿತ್ತು. ಅತ್ತೆ ಚಮಚದಿಂದ ನನಗೆ ಗಂಜಿ ಕುಡಿಸುತ್ತಿದ್ದರು. ಪರಗಂಡಸಿನ ಎದುರು ಸೆರಗು ಸರಿಮಾಡಿಕೊಳ್ಳಲೂ ನನ್ನ ಕೈ ಏಳಲಿಲ್ಲ. ಶಾಸಕರು ಬಾಗಿಲಿನಿಂದಲೇ ನೋಡಿ ಹೊರಟುಹೋದರು. ಅವರು ಬರೆದ ಪತ್ರದಿಂದ ನನ್ನ ಕೆಲಸ ಉಳಿಯಿತು. ಒಂದು ವರ್ಷ ಸಂಬಳವಿಲ್ಲದ ರಜೆ, ಆಮೇಲೆ ಮನೆಗೆ ಹತ್ತಿರದ ಕಚೇರಿ.

"ಸಾಕು ಅತ್ತೆ. ನಮ್ಮದು ಆಯ್ತಲ್ಲ," ಎಂದೆ.

"ನಿನ್ನದಾಯ್ತು. ವಡಾಲದವಳದು?"

ವಡಾಲದವಳೆಂದರೆ ಆಸ್ಪತ್ರೆಯ ಸಾಲಿನಲ್ಲಿ ಅವರಿಗೆ ಪರಿಚಯವಾಗಿದ್ದ, ಉಡುಪಿ ಕಡೆಯ ಸರ್ಕಾರಿ ನರ್ಸ್. ಅವಳಿಗೂ ಇದೇ ಕಾಯಿಲೆ. ಬೊರಿವಲಿಯ ಮರಾಠಿ ಟೀಚರೊಬ್ಬರಿಗೂ ಇದೇ. ಹೀಗೆ ಐದು ಜನ ಸೇರಿದರು. ಈ ಕಾಯಿಲೆಯನ್ನು ಪಟ್ಟಿಗೆ ಸೇರಿಸಬೇಕು, ರೋಗಿಯನ್ನು ಒಂದೇ ದಿನ ನೋಡಿ ತೀರ್ಪು ಕೊಡಬಾರದು ಎಂದು ಮನವಿ ಬರೆದರು. ಉತ್ತರ ಬರದಿದ್ದಾಗ ಸರ್ಕಾರಿ ಕಚೇರಿಯೊಂದರ ಗೇಟಿನ ಮುಂದೆ ಧರಣಿ ಕೂತರು. ಕೂತರು ಎನ್ನುವುದೂ ತಪ್ಪೇ. ಕೂರಲಾಗದ ಮೂವರು ಫುಟ್‌ಪಾತಿನ ಮೇಲೆ ಚಾಪೆ ಹಾಸಿ ಮಲಗಿದ್ದರು. ನಡುವೆ ಅತ್ತೆ ಛತ್ರಿ ಹಿಡಿದು ನಿಂತಿದ್ದರು.

ನಾನು ಎದುರಿನ ಬಸ್‌ಸ್ಟಾಪಿನಲ್ಲಿದ್ದೆ. ಸರ್ಕಾರಿ ನೌಕರಿಯವಳು, ಹೆಸರು ಬರೆದುಕೊಂಡರೆ ಮತ್ತೆ ಮೆಮೊ. ರಸ್ತೆ ದಾಟಲಿಲ್ಲ. ಪೊಲೀಸ್ ವ್ಯಾನು ಬಂದಾಗ ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. ಕರೆಯುತ್ತಾರೆಂದು ಹೆದರಿ ಕಂಬದ ಹಿಂದೆ ಸರಿದೆ. ಅವರು ಥಟ್ಟನೆ ಮುಖ ಆ ಕಡೆ ತಿರುಗಿಸಿ, ನನ್ನನ್ನು ಕಂಡೇ ಇಲ್ಲವೆಂಬಂತೆ ತಾವಾಗಿ ವ್ಯಾನು ಹತ್ತಿದರು. ಸಂಜೆ ಬಿಟ್ಟರು. ಮನೆಗೆ ಬಂದವರು ನನ್ನನ್ನು ಕೇಳಿದ್ದು ಒಂದೇ: "ಊಟ ಮಾಡ್ದೆಯಾ?"

ಅದಾಗಿ ಎರಡು ವರ್ಷಕ್ಕೆ ಒಂದು ಬೆಳಿಗ್ಗೆ, ಬೀನ್ಸ್ ಸೋಸುತ್ತ ಕೂತಿದ್ದವರು ಹಾಗೇ ಗೋಡೆಗೆ ಒರಗಿದರು. ಹೃದಯ ನಿಂತಿತ್ತು.

ವೈಕುಂಠ ಸಮಾರಾಧನೆಯ ದಿನ ವಡಾಲದವಳು ಬಂದಳು. ಮಹಡಿ ಮಹಡಿಗೂ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು ಮೇಲೆ ಬಂದವಳು ಗೋಡೆ ಹಿಡಿದು ನಿಂತಳು.

"ಮುಂದಿನ ವಾರ ಮಂತ್ರಿಗಳ ಹತ್ತಿರ ಹೋಗ್ಲಿಕ್ಕುಂಟು. ಅಮ್ಮನೇ ಮಾತಾಡುವುದು ಅಂತ ಇತ್ತು. ಇನ್ನು ಯಾರು ಮಾತಾಡುವುದು?"

ಕೆಲಸ, ಮೆಮೊ, ವ್ಯಾನು ಎಲ್ಲವೂ ಕಣ್ಣ ಮುಂದೆ ಬಂದವು.

"ನಾನು," ಎಂದೆ. ದನಿ ಅವಳಿಗೆ ಕೇಳಿಸಲೇ ಇಲ್ಲ. ಇನ್ನೊಮ್ಮೆ ಹೇಳಬೇಕಾಯಿತು.