ರನ್ನಬಳ್ಳಿ ಮತ್ತು ಬಾಲದ ಎರಡು ಸಾಲು

ನನ್ನ ಬರಹ ಮೊದಲ ಸಲ ಅಚ್ಚಾಗಿ ಬಂದ ದಿನ ಚಿಕ್ಕಮ್ಮ ಅದರ ತಲೆಬರಹವನ್ನು ಕೂಡ ನೋಡಲಿಲ್ಲ. ಗಿಡಗಳಿಗೆ ಹಿಡಿದಿದ್ದ ನೀರಿನ ಪೈಪನ್ನು ಕೆಳಗೆ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಪತ್ರಿಕೆ ಇಸಿದುಕೊಂಡವಳು ನೇರವಾಗಿ ಕೊನೆಯ ಸಾಲಿಗೆ ಹೋದಳು.

“ಬಾಲ ಎಲ್ಲೆ ಕೂಸೆ?”

ಬಾಲ ಇರಲಿಲ್ಲ. ಲೇಖನದ ಕೊನೆಯಲ್ಲಿ ನಾನು ಎರಡು ಸಾಲು ಸೇರಿಸಿದ್ದೆ. ಈ ಬರಹವನ್ನು ಯಾರು ಬೇಕಾದರೂ ಉಚಿತವಾಗಿ ಪ್ರಕಟಿಸಬಹುದು, ಆದರೆ ನಮ್ಮ ನರ್ಸರಿಯ ಹೆಸರನ್ನೂ ವೆಬ್‌ಸೈಟಿನ ವಿಳಾಸವನ್ನೂ ಬಿಡಬಾರದು ಎಂದು. ಆ ಎರಡು ಸಾಲಿನ ಜಾಗದಲ್ಲಿ ವಾರಪತ್ರಿಕೆಯವರು ಟಾರ್ಪಾಲಿನ ಅಂಗಡಿಯೊಂದರ ಜಾಹೀರಾತು ಹಾಕಿದ್ದರು.

“ಬರ್ದಿದ್ದೆಲ್ಲ ಬೇಕು, ನಮ್ಮ ಹೆಸ್ರು ಮಾತ್ರ ಬ್ಯಾಡ. ಒಳ್ಳೆ ಜನ,” ಎಂದು ಚಿಕ್ಕಮ್ಮ ಮತ್ತೆ ಪೈಪು ಎತ್ತಿಕೊಂಡಳು.

ನರ್ಸರಿ ಅವಳದು. ಕೊಡ್ಲಿಪೇಟೆಯಿಂದ ಸ್ವಲ್ಪ ಮುಂದೆ, ರಸ್ತೆಗೆ ಅಂಟಿಕೊಂಡಂತೆ ಇರುವ ಅರ್ಧ ಎಕರೆ ಜಾಗದಲ್ಲಿ ಹಸಿರು ನೆರಳುಬಲೆ ಕಟ್ಟಿ, ಅದರ ಕೆಳಗೆ ಕಾಳುಮೆಣಸಿನ ಬಳ್ಳಿಗಳನ್ನು ಸಣ್ಣ ಕಪ್ಪು ಕವರುಗಳಲ್ಲಿ ಬೆಳೆಸುತ್ತಾಳೆ. ತೋಟ, ಗದ್ದೆ, ಮನೆ ಎಲ್ಲ ಕಡೆಯೂ ಚಿಕ್ಕಪ್ಪನ ಮಾತು ನಡೆಯುತ್ತದೆ. ಆ ಬಲೆಯ ಕೆಳಗೆ ಮಾತ್ರ ಅವಳದ್ದು. ಅಲ್ಲಿಗೆ ಹೋಗುವಾಗ ಅವಳ ನಡಿಗೆಯೇ ಬೇರೆಯಾಗುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬೇಲಿ ಮಾತ್ರ.

ಪ್ರತಿ ವರ್ಷ ಹೆಚ್ಚಿನ ಗಿಡಗಳನ್ನು ಒಂದು ದೊಡ್ಡ ಎಸ್ಟೇಟಿನವರು ಒಟ್ಟಿಗೆ ಒಯ್ಯುತ್ತಿದ್ದರು. ಆ ವರ್ಷ ಅವರು ತಮ್ಮದೇ ನರ್ಸರಿ ಮಾಡಿಕೊಂಡರು. ಸುದ್ದಿ ಬಂದಾಗ ಬಳ್ಳಿಗಳೆಲ್ಲ ಕವರಿನಲ್ಲಿ ಚಿಗುರಿ ನಿಂತಿದ್ದವು. ಮೆಣಸಿನ ಬಳ್ಳಿಯನ್ನು ಮಳೆ ಹಿಡಿಯುವ ಹೊತ್ತಿಗೆ ಮರದ ಬುಡಕ್ಕೆ ನೆಡಬೇಕು. ಆಮೇಲೆ ಕೇಳುವವರಿರುವುದಿಲ್ಲ, ಕವರಿನೊಳಗೆ ಬೇರು ಸುತ್ತಿಕೊಂಡು ಗಿಡ ಕೆಡುತ್ತದೆ.

ಚಿಕ್ಕಪ್ಪ ಕೆಟ್ಟವರಲ್ಲ. ಅವರ ಮಾತು ನೇರ. ಒಂದು ಬೆಳಿಗ್ಗೆ ಅಕ್ಕಿರೊಟ್ಟಿ ತಿನ್ನುತ್ತ ಹೇಳಿದರು, “ಈ ಮಳೆಗಾಲಕ್ಕೆ ಗಿಡ ಖಾಲಿಯಾದ್ರೆ ಸರಿ. ಇಲ್ದಿದ್ರೆ ಜೆಸಿಬಿ ಕರ್ಸಿ ಮಟ್ಟ ಮಾಡ್ಸಿ ಎರಡು ರೂಮು ಎತ್ತಿಸ್ತೀನಿ. ರೋಡ್ ಪಕ್ಕದ ಜಾಗ. ಟೂರಿಸ್ಟ್‌ನೋರು ನಿಂತ್ಕೊಂಡು ಕೇಳ್ತಾರೆ.”

ಚಿಕ್ಕಮ್ಮ ಕಾವಲಿಯ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದಳು. ಅವತ್ತು ಮಧ್ಯಾಹ್ನ ನಮ್ಮ ಬೇಲಿಯ ಹತ್ತಿರ ಬಂದು, “ನೀನು ಅಷ್ಟು ಓದಿದೀಯಲ್ಲ, ಏನಾರ ಮಾಡು,” ಎಂದಳು.

ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿ, ಹತ್ತಿರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ರಜೆ ಶುರುವಾಗಿತ್ತು. ಸಿದ್ಧ ಮಾದರಿಯೊಂದನ್ನು ಹಿಡಿದು ನರ್ಸರಿಗೆ ಒಂದು ವೆಬ್‌ಸೈಟು ಮಾಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅದನ್ನು ಯಾರಾದರೂ ನೋಡುವಂತೆ ಮಾಡುವುದು. ನೆಂಟರೆಲ್ಲ ವಿಡಿಯೋ ಮಾಡು ಎಂದರು. ಗಿಡ ಹಿಡಿದುಕೊಂಡು ಕ್ಯಾಮೆರಾ ನೋಡಿ ನಗುವುದು ನನ್ನಿಂದ ಆಗುವ ಕೆಲಸವಲ್ಲ. ಬರೆಯುವುದು ಆಗುತ್ತದೆ. ಬರೆದದ್ದರ ಕೆಳಗೆ ನನ್ನ ಹೆಸರು ಇರಬೇಕಾಗಿಲ್ಲ ಎನ್ನುವುದು ಇನ್ನೂ ಹಿತವಾದ ವಿಷಯ.

ಹಾಗಾಗಿ ಲೇಖನಗಳನ್ನು ಬರೆದು ಹಂಚುವುದೆಂದಾಯಿತು. ರೈತನಿಗೆ ನಿಜವಾಗಿ ಬೇಕಾದ ಒಂದೇ ವಿಷಯವನ್ನು ಒಂದು ಪುಟದಲ್ಲಿ ಹೇಳುವುದು. ವಾರಪತ್ರಿಕೆಗೆ, ಸಹಕಾರ ಸಂಘದ ಮಾಸಪತ್ರಿಕೆಗೆ, ಕೃಷಿ ಜಾಲತಾಣಗಳಿಗೆ, ಬೆಳೆಗಾರರ ವಾಟ್ಸಾಪ್ ಗುಂಪುಗಳಿಗೆ ಪುಕ್ಕಟೆಯಾಗಿ ಕಳಿಸುವುದು. ಅವರಿಗೆ ಪುಟ ತುಂಬುತ್ತದೆ, ನಮಗೆ ಕೊನೆಯ ಎರಡು ಸಾಲು ಸಿಗುತ್ತದೆ. ಆ ಎರಡು ಸಾಲಿಗೆ ಚಿಕ್ಕಮ್ಮ ಇಟ್ಟ ಹೆಸರು ಬಾಲ.

ಎಲ್ಲರೂ ಪುಟ ತುಂಬಿಸಿಕೊಂಡರು. ಬಾಲವನ್ನು ಮಾತ್ರ ಹೆಚ್ಚಿನವರು ಕತ್ತರಿಸಿದರು. ಗುಂಪಿನಿಂದ ಗುಂಪಿಗೆ ಹೋಗುವಾಗಲಂತೂ ಮೊದಲು ಉದುರುತ್ತಿದ್ದದ್ದು ಅದೇ. ಒಮ್ಮೆ ನನ್ನ ಲೇಖನವೇ ನನ್ನ ಫೋನಿಗೆ ವಾಪಸು ಬಂತು, ಕೊನೆಯಲ್ಲಿ ಯಾರದೋ ಶುಭೋದಯದ ಹೂವಿನ ಚಿತ್ರದೊಂದಿಗೆ.

ಚಿಕ್ಕಪ್ಪನಿಗೆ ಇದು ಒಳ್ಳೆಯ ತಮಾಷೆಯಾಯಿತು. “ಏನಮ್ಮ, ಊರಿಗೆಲ್ಲ ಪುಕ್ಸಟ್ಟೆ ಪಾಠ ಮಾಡಿ ಆಯ್ತಾ? ಫೀಸಿಲ್ಲದ ಕಾಲೇಜು ನಿಂದು.”

“ನಿಮಗ್ಯಾಕೆ?” ಎಂದು ಚಿಕ್ಕಮ್ಮ ಒಳಗಿನಿಂದಲೇ ಕೂಗಿದಳು. “ನಿಮ್ಮ ರೂಮಿಗೆ ಟೂರಿಸ್ಟ್‌ನೋರು ಬರೋಗಂಟ ನೀವೂ ಕೂತು ಪಾಠ ಕೇಳಿ.”

ಆ ಲೇಖನಗಳಲ್ಲಿ ಒಂದನ್ನು ನಾನು ಹೆಚ್ಚು ಪ್ರೀತಿಯಿಂದ ಬರೆದಿದ್ದೆ. ಮೆಣಸಿನ ಬಳ್ಳಿಯ ಬುಡದಿಂದ ಹೊರಟು ನೆಲದ ಮೇಲೆ ಹಬ್ಬುವ ಕುಡಿಗಳನ್ನು ಚಿಕ್ಕಮ್ಮ ರನ್ನಬಳ್ಳಿ ಎನ್ನುತ್ತಾಳೆ. ಅದನ್ನು ಕತ್ತರಿಸಿ ನೆಟ್ಟರೆ ಮರ ಹತ್ತುತ್ತದೆ. ಮೇಲೆ ಪಕ್ಕಕ್ಕೆ ಚಾಚಿದ, ಕಾಯಿ ಬಿಡುವ ಕುಡಿಯನ್ನು ನೆಟ್ಟರೆ ಹತ್ತುವುದಿಲ್ಲ. ಗಿಡ ಬುಡದಲ್ಲೇ ಪೊದೆಯಾಗಿ ಕೂರುತ್ತದೆ. ಕವರಿನಲ್ಲಿರುವಾಗ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದ ಕೊಳ್ಳುವವರು ಏನು ಕೇಳಬೇಕು, ಎಲ್ಲಿ ನೋಡಬೇಕು ಎಂದು ವಿವರವಾಗಿ ಬರೆದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಾನು ಕನ್ನಡ ಓದಿದವಳು. ರನ್ನ ಎಂದರೆ ರತ್ನ, ಬಳ್ಳಿಗಳಲ್ಲೆಲ್ಲ ರತ್ನದಂಥದ್ದನ್ನು ಗುರುತಿಸಿ ನಮ್ಮ ಹಿರಿಯರು ಈ ಹೆಸರಿಟ್ಟರು ಎಂದು ಒಂದು ಪ್ಯಾರಾ ಸೇರಿಸಿದೆ.

ಮುಂದಿನ ಲೇಖನಕ್ಕಾಗಿ ಇಂಗ್ಲಿಷಿನ ಒಂದು ಕೈಪಿಡಿಯನ್ನು ಓದುತ್ತಿದ್ದಾಗ ಬುಡದಿಂದ ಹಬ್ಬುವ ಆ ಕುಡಿಗೆ ಅವರು ಕೊಟ್ಟ ಹೆಸರು ಕಣ್ಣಿಗೆ ಬಿತ್ತು. ರನ್ನರ್. ಓಡುವಂಥದ್ದು.

ಕೈಪಿಡಿಯನ್ನು ಮುಚ್ಚಿಟ್ಟು ನರ್ಸರಿಗೆ ಹೋದೆ. ಚಿಕ್ಕಮ್ಮ ಕಳೆ ಕೀಳುತ್ತಿದ್ದಳು.

“ಚಿಕ್ಕಮ್ಮ, ರನ್ನಬಳ್ಳಿ ಅನ್ನೋ ಹೆಸರು ನಿಮಗೆ ಯಾರು ಹೇಳಿದ್ದು?”

“ನಮ್ಮತ್ತೆ. ಅವ್ರು ಮದ್ವೆಗೆ ಮುಂಚೆ ಎಸ್ಟೇಟಲ್ಲಿ ಕೆಲ್ಸ ಮಾಡ್ತಿದ್ರಲ್ಲ, ಅಲ್ಲಿ ರೈಟರು ಹಂಗೇ ಅಂತಿದ್ರಂತೆ. ಯಾಕೆ?”

ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ಇಂಗ್ಲಿಷಿನಲ್ಲಿ ರನ್ನರ್ ಎಂದದ್ದು ಅಜ್ಜಿಯ ಕಿವಿಗೆ ಬೀಳುವಾಗ ಕೊನೆಯ ಅಕ್ಷರ ಕಳಚಿಕೊಂಡಿತ್ತು. ಚಿನ್ನ, ರನ್ನ ಎಂದು ಮಕ್ಕಳನ್ನು ಮುದ್ದು ಮಾಡುವ ಮನೆಯಲ್ಲಿ ಆ ಮಾತು ಸುಲಭವಾಗಿ ನೆಲೆಯಾಗಿತ್ತು. ನಾನು ಅದಕ್ಕೆ ವಂಶಾವಳಿ ಕಟ್ಟಿ ಊರಿಗೆಲ್ಲ ಹಂಚಿದ್ದೆ. ವಿಷಯ ಹೇಳಿದಾಗ ಚಿಕ್ಕಮ್ಮ ಕಳೆಯ ಕಟ್ಟನ್ನು ಕೈಯಲ್ಲೇ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಎಂ.ಎ. ಓದಿದ್ದು ದಂಡ ಕಣೆ!”

ನಾನು ಅಂದೇ ಎಲ್ಲ ಕಡೆಗೂ ತಿದ್ದುಪಡಿ ಕಳಿಸಿದೆ. ಯಾರೂ ಹಾಕಲಿಲ್ಲ. ಪುಕ್ಕಟೆ ಕೊಟ್ಟದ್ದನ್ನು ತಿದ್ದಿಕೊಳ್ಳುವ ಹೊರೆ ಯಾರಿಗೂ ಬೇಕಿರಲಿಲ್ಲ. ನಮ್ಮ ವೆಬ್‌ಸೈಟಿನಲ್ಲಿ ಮಾತ್ರ ಆ ಪ್ಯಾರಾ ತೆಗೆದು, ರನ್ನಬಳ್ಳಿ ಬೇರೆ ತಳಿಯಲ್ಲ, ರನ್ನರ್ ಎನ್ನುವುದಕ್ಕೆ ನಮ್ಮ ಮನೆಯ ಮಾತು ಎಂದು ಕೆಳಗೆ ಸೇರಿಸಿದೆ. ಆದರೆ ರತ್ನದ ಕತೆ ಆಗಲೇ ಹಾಸನದ ಕಡೆಯ ಗುಂಪುಗಳನ್ನೂ ದಾಟಿ ಹೋಗಿತ್ತು.

ಆಮೇಲೆ ಫೋನುಗಳು ಬರತೊಡಗಿದವು. ನರ್ಸರಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು, “ರನ್ನಬಳ್ಳಿ ಸಿಗ್ತದಾ?” ಎಂದು. ನಮ್ಮನ್ನು ಹೇಗೆ ಹುಡುಕಿದಿರಿ ಎಂದರೆ, ಆ ಪದವನ್ನು ಫೋನಿನಲ್ಲಿ ಹಾಕಿದರೆ ಗಿಡ ಮಾರುವವರಲ್ಲಿ ನಿಮ್ಮದೊಂದೇ ವೆಬ್‌ಸೈಟು ಬರುತ್ತದೆ ಎಂದರು. ಬರಲೇಬೇಕು. ಆ ಪದ ಭೂಮಿಯ ಮೇಲೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಬಾಲವನ್ನು ಕತ್ತರಿಸಿದವರಿಗೆ ಲೇಖನದ ಒಳಗಿದ್ದ ಆ ಪದವನ್ನು ಕತ್ತರಿಸಬೇಕೆಂದು ಹೊಳೆದಿರಲಿಲ್ಲ. ಅದೇ ಬಾಲದ ಕೆಲಸ ಮಾಡೀತೆಂದು ನನಗೂ ಹೊಳೆದಿರಲಿಲ್ಲ.

ಸಂತೋಷಪಡಬಹುದಿತ್ತು, ಆದರೆ ನನ್ನೊಳಗೆ ಒಂದು ಮುಳ್ಳು ಉಳಿದಿತ್ತು. ಕೇಳಿದವರಲ್ಲಿ ಕೆಲವರು ಇದನ್ನು ಹೊಸ ತಳಿ ಎಂದುಕೊಂಡಿದ್ದರು. ಫೋನಿನಲ್ಲಿ ಒಬ್ಬೊಬ್ಬರಿಗೂ ವಿವರಿಸಿದೆ. ಕೆಲವರು ಸರಿ ಎಂದು ಬಂದು ಒಂದಿಷ್ಟು ಗಿಡ ಒಯ್ದರು. ಕೆಲವರು ಓಹೋ ಎಂದು ಇಟ್ಟುಬಿಟ್ಟರು. ಬಲೆಯ ಕೆಳಗೆ ಕಪ್ಪು ಕವರಿನ ಸಾಲುಗಳು ಹೆಚ್ಚು ಕರಗಲಿಲ್ಲ. ಮೋಡ ಕಟ್ಟುತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಪಿಕಪ್ ಗಾಡಿಯೊಂದು ಬಂದು ನಿಂತಿತು. ಸಕಲೇಶಪುರದ ಕಡೆಯ ಗಂಡ ಹೆಂಡತಿ. ಫೋನು ಮಾಡದೆ ನೇರವಾಗಿ ಬಂದಿದ್ದರು. ಗಂಡ ಇಳಿದವರೇ, “ಅಮ್ಮಾವ್ರೆ, ಗಾಡಿ ತುಂಬ ಬೇಕು. ರನ್ನ ತಳಿನೇ ಆಗ್ಬೇಕು, ಬೇರೇದು ಕೊಡ್ಬೇಡಿ,” ಎಂದರು.

ಚಿಕ್ಕಪ್ಪ ಜಗಲಿಯಲ್ಲಿ ಕುಳಿತಿದ್ದವರು ಪೇಪರನ್ನು ಸ್ವಲ್ಪ ಕೆಳಗಿಳಿಸಿದರು. ಚಿಕ್ಕಮ್ಮ ನನ್ನ ಕಡೆ ನೋಡಿದಳು. ಒಂದು ಗಾಡಿ ತುಂಬ ಗಿಡ ಹೋದರೆ ನರ್ಸರಿ ಉಳಿಯಬಹುದು ಎನ್ನುವುದು ಮೂವರಿಗೂ ಗೊತ್ತಿತ್ತು.

“ಅದು ತಳಿ ಅಲ್ಲ ಸರ್,” ಎಂದೆ. “ಆ ಲೇಖನ ಬರೆದದ್ದು ನಾನೇ. ರತ್ನದ ಮಾತು ತಪ್ಪು. ರನ್ನರ್ ಅನ್ನೋದನ್ನ ನಮ್ಮ ಮನೇಲಿ ರನ್ನ ಅಂತಾರೆ. ಇದು ಎಲ್ಲ ಕಡೆ ಇರೋ ಪಣಿಯೂರು ತಳಿ ಬಳ್ಳಿನೇ.”

ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಹಂಗಾದ್ರೆ ನಮ್ಮೂರಲ್ಲೇ ಸಿಗ್ತಿತ್ತಲ್ಲ! ಸುಮ್ನೆ ಡೀಸೆಲ್ ಸುಟ್ಕೊಂಡು ಬಂದ್ವಿ. ಬಾರೆ, ಹೋಗಣ.”

ಹೆಂಡತಿ ಬರಲಿಲ್ಲ. ಆಕೆ ಆಗಲೇ ಬಲೆಯೊಳಗೆ ಹೋಗಿ ಒಂದು ಕವರನ್ನು ಎತ್ತಿ ತಿರುಗಿಸಿ, ತಳದ ತೂತಿನಿಂದ ಇಣುಕುತ್ತಿದ್ದ ಬಿಳಿ ಬೇರನ್ನು ನೋಡುತ್ತಿದ್ದರು. ಆಮೇಲೆ ಎಲೆಗಳನ್ನು ಸರಿಸಿ ಕಾಂಡದ ಗಿಣ್ಣುಗಳನ್ನು ಬೆರಳಿನಿಂದ ಮುಟ್ಟಿದರು. ಎಲ್ಲಿ ನೋಡಬೇಕು ಎಂದು ನಾನು ಬರೆದಿದ್ದೆನೋ ಅಲ್ಲೇ ನೋಡುತ್ತಿದ್ದರು.

“ನೀವು ಸುಮ್ನಿರಿ,” ಎಂದರು ಗಂಡನಿಗೆ. “ಹೋದ್ವರ್ಷ ಊರಲ್ಲಿ ತಗಂಡಿದ್ದು ಮರ ಹತ್ತಿದ್ವಾ? ಸಿಲ್ವರ್ ಮರದ ಬುಡದಲ್ಲಿ ಕ್ರೋಟನ್ ಗಿಡದಂಗೆ ಕೂತವೆ. ಯಾಕೆ ಅಂತ ಇವ್ರು ಬರ್ದಿದ್ ಓದಿದ್ಮೇಲೇ ಗೊತ್ತಾಗಿದ್ದು.” ನನ್ನ ಕಡೆ ತಿರುಗಿ, “ಇವೆಲ್ಲ ಬುಡದ್ದೇ ತಾನೆ?” ಎಂದರು.

“ಬುಡದ್ದೇ ಕಣವ್ವ,” ಎಂದಳು ಚಿಕ್ಕಮ್ಮ. “ಬಾ, ತಾಯಿಬಳ್ಳಿ ತೋರಿಸ್ತೀನಿ. ನೋಡ್ಕೊಂಡೇ ತಗ.”

ಇಬ್ಬರೂ ತೋಟದೊಳಗೆ ಹೋದರು. ಗಂಡ ಗಾಡಿಗೆ ಒರಗಿ, “ರತ್ನ ಅಂದ್ರಲ್ಲ ಮೇಡಂ, ನಮ್ಮನೇಲಿ ಕುಣಿದಾಡ್ಬಿಟ್ರು,” ಎಂದು ಗೊಣಗಿದರು. ಕ್ಷಮಿಸಿ ಎಂದೆ. ಚಿಕ್ಕಪ್ಪ ಜಗಲಿಯಿಂದ, “ಕಾಫಿ ಕುಡೀರಿ ಬನ್ನಿ. ತೋಟಕ್ಕೆ ಹೋದ ಹೆಂಗಸ್ರು ಬೇಗ ಬರಲ್ಲ,” ಎಂದು ಕರೆದರು.

ಗಾಡಿ ತುಂಬಿಸುವಾಗ ಚಿಕ್ಕಪ್ಪ ತಾವೇ ಎದ್ದು ಬಂದು ಕವರುಗಳನ್ನು ಎತ್ತಿಕೊಟ್ಟರು. ಒಂದನ್ನೂ ಒರಟಾಗಿ ಇಡಲಿಲ್ಲ. ಅದೇ ವಾರ ಆ ಹೆಂಗಸಿನ ಊರಿನಿಂದ ಮತ್ತೆ ಜನ ಬಂದರು. ಅವರಿಗೆ ರತ್ನದ ಕತೆಯೂ ಗೊತ್ತಿತ್ತು, ಅದು ಸುಳ್ಳೆಂದೂ ಗೊತ್ತಿತ್ತು. ಬಂದವರು ಮೊದಲು ಅದನ್ನು ಹೇಳಿ ನನ್ನನ್ನು ನೋಡಿ ನಗುತ್ತಿದ್ದರು. ನಾನು ಸಾಮಾನ್ಯವಾಗಿ ಅಪರಿಚಿತರ ನಗುವಿಗೆ ಕುಗ್ಗುವವಳು. ಆ ವಾರ ಅಷ್ಟೇನೂ ಕುಗ್ಗಲಿಲ್ಲ. ಮಳೆ ಸರಿಯಾಗಿ ಹಿಡಿಯುವ ಹೊತ್ತಿಗೆ ಬಲೆಯ ಕೆಳಗೆ ಉಳಿದದ್ದು ಸೊರಗಿದ ಕೆಲವು ಗಿಡಗಳು ಮತ್ತು ಕವರಿಟ್ಟ ಜಾಗದ ದುಂಡನೆಯ ಒದ್ದೆ ಗುರುತುಗಳು.

“ಜೆಸಿಬಿ ಯಾವಾಗ ಬರೋದು?” ಎಂದು ಚಿಕ್ಕಮ್ಮ ಊಟದ ಹೊತ್ತಿಗೆ ಕೇಳಿದಳು.

ಚಿಕ್ಕಪ್ಪ ಸಾರು ಕಲಸುತ್ತ, “ಹೇಳ್ದೆ ತಾನೆ, ಖಾಲಿಯಾದ್ರೆ ಸರಿ ಅಂತ,” ಎಂದರು.

ಕೆಲವು ದಿನ ಕಳೆದ ಮೇಲೆ ಅವರು ಪೇಟೆಯಿಂದ ಬರುವಾಗ ಜೀಪಿನ ಹಿಂದೆ ಒಂದು ತಗಡಿನ ಬೋರ್ಡು ಇತ್ತು. ಯಾರಿಗೂ ಹೇಳದೆ ಬರೆಸಿಕೊಂಡು ಬಂದಿದ್ದರು. ಹಸಿರು ಹಿನ್ನೆಲೆಯಲ್ಲಿ ಬಿಳಿ ಅಕ್ಷರ: ಇಲ್ಲಿ ರನ್ನಬಳ್ಳಿ ಸಿಗುತ್ತದೆ. ಕೆಳಗೆ ಸಣ್ಣದಾಗಿ ಎರಡು ಸಾಲು, ನರ್ಸರಿಯ ಹೆಸರು ಮತ್ತು ವೆಬ್‌ಸೈಟಿನ ವಿಳಾಸ. ರಸ್ತೆಯ ಪಕ್ಕ ಗುಂಡಿ ತೆಗೆದು ನಿಲ್ಲಿಸುವಾಗ ಚಿಕ್ಕಮ್ಮ ಕೊಡೆ ಹಿಡಿದು ನಿಂತಿದ್ದಳು. ಅವಳ ಕಣ್ಣು ಮೊದಲು ಹೋದದ್ದು ಕೆಳಗಿನ ಸಾಲುಗಳಿಗೆ.

“ಬಾಲ ಐತೆ,” ಎಂದಳು.

ಬಾಲದಲ್ಲಿ ಪೇಂಟರು ವೆಬ್‌ಸೈಟ್ ಎನ್ನುವಲ್ಲಿ ವೆಬ್‌ಸೈಡ್ ಎಂದು ಬರೆದಿದ್ದರು. ನಾನು ತೋರಿಸಿದೆ. ಚಿಕ್ಕಪ್ಪ ಹಿಂದೆ ಸರಿದು, ಬೋರ್ಡನ್ನೂ ರಸ್ತೆಯನ್ನೂ ಒಮ್ಮೆ ನೋಡಿ, “ರೋಡ್ ಸೈಡಲ್ಲೇ ಐತಲ್ಲ, ಬಿಡು,” ಎಂದರು.

ತಿದ್ದಿಸುವುದು ಕಷ್ಟವಿರಲಿಲ್ಲ, ಒಂದು ಅಕ್ಷರ ಅಷ್ಟೆ. ಮಳೆ ಜೋರಾಯಿತು, ಮೂವರೂ ಬಲೆಯ ಕೆಳಗಿನ ಶೆಡ್ಡಿಗೆ ಓಡಿದೆವು. ಬೋರ್ಡು ಇವತ್ತಿಗೂ ಹಾಗೇ ಇದೆ.